ಸ್ವರಶಾಸ್ತ್ರದ ಮುಂದಿನ ಮೆಟ್ಟಿಲು: ಗಿಟಾರ್ ವಿದ್ಯಾರ್ಥಿಯ ಆಯ್ಕೆ

ಯಾವ ವಿದ್ಯೆಯಲ್ಲಿಯೇ ಆಗಲಿ, ಮೊದಲ ಪಾಠಗಳನ್ನು ಆರಿಸಿಕೊಳ್ಳುವ ಹೊಣೆ ವಿದ್ಯಾರ್ಥಿಯದಲ್ಲ. ಅವು ಗುರುವಿನಿಂದಲೋ ಪಠ್ಯಕ್ರಮದಿಂದಲೋ ಮೊದಲೇ ನಿಗದಿಯಾಗಿರುತ್ತವೆ. ಆ ಪಾಠಗಳು ಮುಗಿದು ‘ಮುಂದೇನು?’ ಎಂಬ ಪ್ರಶ್ನೆ ಎದುರಾದಾಗಲೇ ಆತನ ವಿವೇಚನೆಗೆ ನಿಜವಾದ ಪರೀಕ್ಷೆ. ಸಂಗೀತದಲ್ಲಂತೂ ಈ ಘಟ್ಟವು ಬಹು ನಾಜೂಕಾದುದು. ಇಲ್ಲಿ ದಾರಿ ತಪ್ಪಿದವರ ವಾದ್ಯವು ಗೋಡೆಯ ಮೊಳೆಗೆ ತೂಗುಬಿದ್ದು ಧೂಳು ಹಿಡಿಯುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು.

ತರೀಕೆರೆಯಂತಹ ತಾಲ್ಲೂಕು ಕೇಂದ್ರದ ವಿದ್ಯಾರ್ಥಿಯೊಬ್ಬನು ಗಿಟಾರನ್ನು ಕೈಗೆತ್ತಿಕೊಂಡು, ಅದರ ಸಂಗೀತಶಾಸ್ತ್ರವನ್ನು ಒಂದೆರಡು ವರ್ಷ ಓದಿದನೆನ್ನೋಣ. ಆರು ತಂತಿಗಳ ಶ್ರುತಿ, ಒಂದು ಸ್ಥಾಯಿಯ 12 ಸ್ವರಸ್ಥಾನಗಳು, ಮೇಜರ್ ಮತ್ತು ಮೈನರ್ ಶ್ರೇಣಿಗಳು, ಕಾರ್ಡ್ ಎಂಬ ಸ್ವರಗುಚ್ಛಗಳ ರಚನೆ, ಇವೆಲ್ಲವೂ ಅವನಿಗೆ ತಿಳಿದಿವೆ. 12ನೆಯ ಮೆಟ್ಟಿಲು ತಂತಿಯ ಸರಿ ಅರ್ಧದಲ್ಲಿ ಏಕೆ ಬರುತ್ತದೆಂಬುದನ್ನೂ ಆತ ವಿವರಿಸಬಲ್ಲ. ಆದರೆ ಒಂದು ಸರಳವಾದ ಹಾಡನ್ನು ಕೇಳಿ ನುಡಿಸೆಂದರೆ ಬೆರಳು ತಡವರಿಸುತ್ತದೆ. ಆಗ ಆತ ಇನ್ನೂ ಕಠಿಣವಾದ ಗ್ರಂಥವೊಂದನ್ನು ತರಿಸಿಕೊಳ್ಳಲು ಹೊರಡುತ್ತಾನೆ. ವ್ಯಾಕರಣವನ್ನು ಕಲಿತೂ ಮಾತನಾಡಲು ಬಾರದವನು ಮತ್ತೊಂದು ವ್ಯಾಕರಣವನ್ನು ಕೊಂಡಂತೆಯೇ ಇದು.

ಮುಂದಿನ ಪಾಠವನ್ನು ಆರಿಸುವಾಗ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಯುಕ್ತ. ಈಗಿರುವ ವಿದ್ಯೆಯಲ್ಲಿ ಕೊರತೆ ಎಲ್ಲಿದೆ, ಕಿವಿಯಲ್ಲೋ, ಕೈಯಲ್ಲೋ, ಲಯದಲ್ಲೋ? ಆ ಕೊರತೆಯನ್ನು ಎದುರಿಗೆ ಕುಳಿತು ತಿದ್ದಬಲ್ಲವರು ಹತ್ತಿರದಲ್ಲಿ ಯಾರಿದ್ದಾರೆ? ಈ ಎರಡಕ್ಕೂ ಉತ್ತರ ದೊರೆತರೆ ಆಯ್ಕೆಯು ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಇದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ. 1919ರಲ್ಲಿ ಜನಿಸಿದ ಜಯಚಾಮರಾಜ ಒಡೆಯರು ಎಳೆತನದಿಂದಲೇ ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಅಭ್ಯಾಸಮಾಡಿ, ಪಿಯಾನೋ ವಾದಕರಾಗಬೇಕೆಂಬ ಹಂಬಲವನ್ನು ಹೊತ್ತಿದ್ದರು. 1940ರಲ್ಲಿ ತಂದೆಯವರೂ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಾದುದರಿಂದ ರಾಜ್ಯಭಾರವು ಹೆಗಲಿಗೇರಿ, ಆ ಹಂಬಲವು ಅಲ್ಲಿಗೇ ನಿಂತಿತು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಪದವಿಯನ್ನಿತ್ತಿತು. 1948ರಲ್ಲಿ ಅವರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯಾದ ವಾಗ್ಗೇಯಕಾರ ಮೆಟ್ನರನು ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವರಿಗೇ ಅರ್ಪಿಸಿದನು. ಇಷ್ಟು ವಿದ್ಯೆಯನ್ನು ಸಂಪಾದಿಸಿದ್ದವರು ಮುಂದೆ ಒಲಿದದ್ದು ಕರ್ನಾಟಕ ಸಂಗೀತಕ್ಕೆ. ವೀಣಾ ವೆಂಕಟಗಿರಿಯಪ್ಪನವರು, ಮೈಸೂರು ವಾಸುದೇವಾಚಾರ್ಯರು ಮೊದಲಾದ ಘನ ವಿದ್ವಾಂಸರು ಆಸ್ಥಾನದಲ್ಲಿಯೇ ಇದ್ದರು. ಅಂಥವರ ಸಾನ್ನಿಧ್ಯದಲ್ಲಿ ಬೆಳೆದ ವಿದ್ಯೆಯು ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳಾಗಿ ಫಲಿಸಿತು. ಮೊದಲು ಕಲಿತದ್ದನ್ನು ಅವರು ತೊರೆಯಲಿಲ್ಲ. ಅದರ ಪಕ್ಕದಲ್ಲಿಯೇ ಇನ್ನೊಂದು ಸಂಗೀತಕ್ಕೆ ನೆಲೆಯೊದಗಿಸಿದರು.

ಗಿಟಾರ್ ವಿದ್ಯಾರ್ಥಿಗೆ ಈ ದಾರಿಯು ಅಂದುಕೊಂಡಷ್ಟು ದೂರದ್ದಲ್ಲ. ಆತನಿಗೆ ತಿಳಿದಿರುವ ಮೇಜರ್ ಶ್ರೇಣಿಯ ಸ್ವರಗಳು 29ನೆಯ ಮೇಳವಾದ ಧೀರಶಂಕರಾಭರಣದವು. ಸಹಜ ಮೈನರ್ ಎಂಬುದು 20ನೆಯ ನಠಭೈರವಿ. ಹಾರ್ಮೋನಿಕ್ ಮೈನರ್ ಎಂಬುದು 21ನೆಯ ಕೀರವಾಣಿ. ಗಿಟಾರ್ ಕಲಿಯುವವರು ಪೆಂಟಟಾನಿಕ್ ಶ್ರೇಣಿಯನ್ನು ಐದು ಸ್ಥಾನಗಳಲ್ಲಿ ನುಡಿಸುವುದನ್ನು ಅಭ್ಯಾಸಮಾಡುವುದುಂಟು. ಆ ಐದು ಸ್ವರಗಳು ಮೋಹನ ರಾಗದವು. ಅದರ ರಿಷಭವನ್ನೇ ಷಡ್ಜವೆಂದು ಹಿಡಿದರೆ ಮಧ್ಯಮಾವತಿ, ಗಾಂಧಾರವನ್ನು ಹಿಡಿದರೆ ಹಿಂದೋಳ, ಪಂಚಮವನ್ನು ಹಿಡಿದರೆ ಶುದ್ಧಸಾವೇರಿ, ಧೈವತವನ್ನು ಹಿಡಿದರೆ ಶುದ್ಧಧನ್ಯಾಸಿ ದೊರೆಯುತ್ತವೆ. ವಿದ್ವಾಂಸರು ಇದನ್ನು ಗ್ರಹಭೇದವೆನ್ನುತ್ತಾರೆ. ಬೆರಳಿಗೆ ಈಗಾಗಲೇ ರೂಢಿಯಾಗಿರುವ ಸ್ವರಗಳಲ್ಲಿಯೇ ಐದು ರಾಗಗಳು ಅಡಗಿವೆಯೆಂದು ತಿಳಿದ ದಿನ, ವಿದ್ಯಾರ್ಥಿಗೆ ಪುಸ್ತಕದ ಪಾಠವು ಹೊಸ ಅರ್ಥವನ್ನು ಪಡೆಯುತ್ತದೆ.

ಆದರೂ ಶ್ರೇಣಿಯೇ ರಾಗವಲ್ಲವೆಂಬುದನ್ನು ಮರೆಯಲಾಗದು. ಪಾಶ್ಚಾತ್ಯ ಕ್ರಮದಲ್ಲಿ ಸ್ವರಗುಚ್ಛವು ಬದಲಾದಂತೆ ಆಧಾರಸ್ವರವೂ ಬದಲಾಗುತ್ತದೆ. ನಮ್ಮಲ್ಲಿ ತಂಬೂರಿಯ ಷಡ್ಜವು ಆದ್ಯಂತವಾಗಿ ಕದಲದೆ ನಿಲ್ಲುತ್ತದೆ. ತೋಡಿಯ ಗಾಂಧಾರಕ್ಕೆ ಜೀವವನ್ನು ಕೊಡುವ ಗಮಕವು ಮೆಟ್ಟಿಲಿನ ಮೇಲೆ ಬೆರಳನ್ನೊತ್ತಿದ ಮಾತ್ರಕ್ಕೆ ಬಾರದು. ಅದನ್ನು ಕೇಳಿ, ಕಂಠದಲ್ಲಿ ಹಾಡಿಕೊಂಡು, ಅನಂತರ ತಂತಿಯನ್ನು ಎಳೆದೋ ಜಾರಿಸಿಯೋ ಸಾಧಿಸಬೇಕು. ಇದು ಗಿಟಾರಿನಲ್ಲಿ ಅಸಾಧ್ಯವೇನೂ ಅಲ್ಲ. ಸುಕುಮಾರ್ ಪ್ರಸಾದರು ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ ತೋರಿಸಿದರು. ಗಿಟಾರನ್ನೇ ಮಾರ್ಪಡಿಸಿ ಮೋಹನವೀಣೆಯನ್ನು ರೂಪಿಸಿದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯು ಸಂದಿತು.

ಕೊರತೆಯಿರುವುದು ಲಯದಲ್ಲಾದರೆ ರಾಗಕ್ಕಿಂತ ಮೊದಲು ತಾಳವನ್ನೇ ಹಿಡಿಯಬೇಕು. ತರೀಕೆರೆಯ ಏರಿಯನ್ನೂ ಕರಿ ಕುರಿಮರಿಗಳನ್ನೂ ಕುರಿತ ನಾಲಿಗೆ ತೊಡರುವ ಮಾತನ್ನು ಅರಿಯದ ಕನ್ನಡ ಮಕ್ಕಳು ವಿರಳ. ಮೊದಲು ನಿಧಾನವಾಗಿ, ಬಳಿಕ ವೇಗವಾಗಿ, ಅಕ್ಷರ ಜಾರದಂತೆ ಅದನ್ನು ಹೇಳುವ ಆಟದಲ್ಲಿರುವ ಶಿಸ್ತೇ ಸರಳೆವರಸೆಯನ್ನು ಮೂರು ಕಾಲಗಳಲ್ಲಿ ಸಾಧಿಸುವ ಶಿಸ್ತು. ಈ ಭಾಗದ ವೀರಗಾಸೆಯಲ್ಲಿ ಕರಡೆ, ಚಮಾಳಗಳ ಗತ್ತಿಗೆ ಹೆಜ್ಜೆ ಹಾಕುವವರೂ, ಭಜನಾ ಮೇಳಗಳಲ್ಲಿ ತಾಳ ಹಿಡಿಯುವವರೂ ಯಾವ ಗ್ರಂಥಕ್ಕೂ ಕಡಿಮೆಯಿಲ್ಲದ ಲಯಗುರುಗಳು. ಅಂಥವರ ಪಕ್ಕದಲ್ಲಿ ಕುಳಿತು ಒಂದು ತತ್ವಪದಕ್ಕೋ ವಚನಗಾಯನಕ್ಕೋ ಗಿಟಾರಿನಲ್ಲಿ ಮೆಲ್ಲನೆ ಜೊತೆಗೂಡುವುದು ಬಲು ಒಳ್ಳೆಯ ಪಾಠ. ಇತರರ ಉಸಿರಿಗೆ ತನ್ನ ವಾದ್ಯವನ್ನು ಹೊಂದಿಸುವ ವಿನಯವನ್ನು ಏಕಾಂತದ ಸಾಧನೆಯು ಕಲಿಸದು.

ಒಮ್ಮೆ ಆರಿಸಿಕೊಂಡ ಮೇಲೆ ಹಲವನ್ನು ಬೆನ್ನಟ್ಟದೆ ಒಂದರಲ್ಲಿ ನಿಲ್ಲುವುದು ಅಗತ್ಯ. ಮಲ್ಲಿಕಾರ್ಜುನ ಮನಸೂರರು ಮೀರಜಿನಲ್ಲಿ ನೀಲಕಂಠಬುವಾ ಅಲೂರಮಠರ ಬಳಿ ಗ್ವಾಲಿಯರ್ ಪದ್ಧತಿಯಲ್ಲಿ ಪಳಗಿ, ಗಾಯಕರೆಂದು ಹೆಸರಾಗುತ್ತಿದ್ದ ಕಾಲದಲ್ಲಿಯೇ ಜಯಪುರ ಘರಾಣೆಯ ಮಂಜಿಖಾನರಿಗೆ ಶಿಷ್ಯರಾದರು. 1937ರಲ್ಲಿ ಗುರುವು ತೀರಿಕೊಂಡಾಗ ಅವರು ದಾರಿಯನ್ನು ಬದಲಿಸಲಿಲ್ಲ. ಮಂಜಿಖಾನರ ಸಹೋದರ ಭೂರ್ಜಿಖಾನರಲ್ಲಿ ಅದೇ ಪಾಠವನ್ನು ಮುಂದುವರಿಸಿದರು. ಬಲ್ಲವನೇ ಮತ್ತೆ ಶಿಷ್ಯನಾಗಿ ಕುಳಿತದ್ದರಿಂದಲೂ, ಕುಳಿತಲ್ಲಿಂದ ಏಳದೆ ಇದ್ದುದರಿಂದಲೂ ಆ ಗಾಯನಕ್ಕೆ ಅಷ್ಟು ಆಳ ಬಂದಿತು.

ಈ ವಿಚಾರದಲ್ಲಿ ಉಪಾಧ್ಯಾಯರ ಪಾತ್ರವೂ ಸಣ್ಣದಲ್ಲ. ಪರೀಕ್ಷೆಯ ಶ್ರೇಣಿಗಳನ್ನು ಒಂದರ ಮೇಲೊಂದರಂತೆ ದಾಟಿಸುವುದಕ್ಕಿಂತ, ‘ನಿನಗೆ ಕೇಳಿಸದೆ ಇರುವುದು ಯಾವುದು?’ ಎಂದು ವಿದ್ಯಾರ್ಥಿಯನ್ನು ಕೇಳುವುದು ಹೆಚ್ಚು ಉಪಕಾರಿ. ವಿದ್ಯಾಭಿಮಾನಿಗಳು ಹೊಸ ವಾದ್ಯಗಳನ್ನು ಕೊಡಿಸುವುದು ಸ್ತುತ್ಯವೇ. ಅದರ ಜೊತೆಗೆ ಒಂದು ಶ್ರುತಿಪೆಟ್ಟಿಗೆ, ವಾರಕ್ಕೊಂದು ಶ್ರವಣದ ಗಂಟೆ, ತಿಂಗಳಿಗೊಮ್ಮೆ ಬಂದು ತಪ್ಪನ್ನು ತಿದ್ದುವ ವಿದ್ವಾಂಸರೊಬ್ಬರ ಪ್ರಯಾಣವೆಚ್ಚ, ಇಷ್ಟು ಒದಗಿದರೆ ಆ ವಾದ್ಯಗಳು ಮೂಕವಾಗಿ ಉಳಿಯವು. ಗ್ರಂಥದಿಂದ ಸ್ವರಗಳ ಹೆಸರನ್ನು ಅರಿತ ಬಾಲಕನಿಗೆ ಆ ಸ್ವರಗಳ ಪರಿಚಯವನ್ನೂ ಮಾಡಿಕೊಡುವ ಕೆಲಸ ಹಿರಿಯರದು.