ಹಿಡಿದ ಕೈಯ ನಂಟು

ಯಲಹಂಕದ ರೈಲು ಹಳಿ ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರ ದಾಟಿ ಪೆನುಕೊಂಡಕ್ಕೆ ಹೋಗುತ್ತದೆ. ಅಲ್ಲಿ ಬಾಬಾ ಫಕ್ರುದ್ದೀನರ ದರ್ಗಾ ಇದೆ. ಭಕ್ತರ ಬಾಯಲ್ಲಿ ಅವರು ಬಾಬಯ್ಯ. ಅವರ ಗುರು ತಿರುಚಿರಾಪಳ್ಳಿಯ ನಥರ್ ವಲಿ. ಗುರುವಿನ ಗೋರಿ ತಮಿಳು ಸೀಮೆಯಲ್ಲಿ, ಶಿಷ್ಯರದು ತೆಲುಗು ಸೀಮೆಯಲ್ಲಿ, ಭಕ್ತರು ಕನ್ನಡ ಸೀಮೆಯಲ್ಲೂ ಇದ್ದಾರೆ. ಸೂಫಿ ಬಳಗಕ್ಕೆ ಸೇರಲು ಊರು, ನುಡಿ, ಹುಟ್ಟಿದ ಮನೆ ಯಾವುದೂ ಸಾಲದು, ಬೈಅತ್ ಎಂಬ ದೀಕ್ಷೆ ಆಗಬೇಕು. ಮುರೀದ, ಅಂದರೆ ಶಿಷ್ಯ, ಆಗುವವನು ಗುರುವಾದ ಪೀರರ ಕೈಯಲ್ಲಿ ಕೈಯಿಟ್ಟು ಮಾತು ಕೊಡುತ್ತಾನೆ. ಆ ಪೀರರೂ ಹಿಂದೊಮ್ಮೆ ತಮ್ಮ ಪೀರರಿಗೆ ಹಾಗೆಯೇ ಮಾತು ಕೊಟ್ಟವರು. ಹೀಗೆ ಪ್ರವಾದಿಯವರೆಗೂ ಏರುವ ಹೆಸರುಗಳ ಸಾಲೇ ಶಜರಾ. ಒಬ್ಬರೇ ಪೀರರ ಮುರೀದರು ಪರಸ್ಪರ ಪೀರ್‌ಭಾಯಿಗಳು. ಇದು ಆರಿಸಿಕೊಂಡ ಒಡಹುಟ್ಟು, ಆದ್ದರಿಂದಲೇ ಹೊಣೆ ಹೆಚ್ಚು.

ಹಾಗಾದರೆ ದರ್ಗಾಗಳನ್ನು ನಡೆಸುವ ಸಜ್ಜಾದ ನಶೀನರ ಪೀಠ ಮನೆತನದಲ್ಲೇ ಏಕೆ ಉಳಿಯುತ್ತದೆ? ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆಸ್ತಿ, ಆಡಳಿತದ ಮಾತು ಬಂದಲ್ಲಿ ರಕ್ತಸಂಬಂಧ ಮೇಲುಗೈ ಪಡೆದಿದೆ. ಆದರೆ ಕಲಬುರಗಿಯ ಖಾಜಾ ಬಂದೇನವಾಜರನ್ನು (1321–1422) ನೋಡಿ: ದೆಹಲಿಯ ನಾಸಿರುದ್ದೀನ್ ಚಿರಾಗರಿಗೆ ಅವರು ಶಿಷ್ಯರು, ಮಗನಲ್ಲ. ತೈಮೂರನ ದಾಳಿಯ ಕಾಲಕ್ಕೆ, 1398ರಲ್ಲಿ, ಇಳಿವಯಸ್ಸಿನಲ್ಲಿ ದೆಹಲಿ ಬಿಟ್ಟ ಅವರು ದಖ್ಖನಿಗೆ ತಂದದ್ದು ಗುರುವಿನಿಂದ ಪಡೆದ ದೀಕ್ಷೆಯನ್ನು. ಪೀಠ ವಂಶಕ್ಕೆ ಸಿಗಬಹುದು; ದೀಕ್ಷೆಯನ್ನು ವಂಶದವರೂ ಕೇಳಿಯೇ ಪಡೆಯಬೇಕು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. ದರ್ಗಾಕ್ಕೆ ಬರುವ ಬಹುಪಾಲು ಜನ ಯಾರ ಮುರೀದರೂ ಅಲ್ಲ. ಚಾದರ ಹೊದಿಸಿ, ಸಕ್ಕರೆ ಓದಿಸಿ, ಹರಕೆ ತೀರಿಸಿ ಹೋಗುವವರು. ಅವರನ್ನು ಬಳಗ ಎನ್ನಬಹುದೇ? ಗೋರಿಯ ಮುಂದೆ ಬೇಡುವುದೇ ತಪ್ಪು ಎನ್ನುವ ಮುಸ್ಲಿಮರೂ ಇದ್ದಾರೆ. ದೇವರೊಬ್ಬನನ್ನೇ ಬೇಡಬೇಕೆಂಬ ಅವರ ನಿಷ್ಠೆ ಗೌರವಾರ್ಹ. ಆದರೂ ಬೆಂಗಳೂರಿನ ಕಾಟನ್‌ಪೇಟೆಯಲ್ಲಿ ನಡೆಯುವುದನ್ನು ಬರೀ ಬೇಡಿಕೆ ಎನ್ನಲಾಗದು. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ, ತಿಗಳ ಕುಲದವರು ದ್ರೌಪದಿಯ ಹೆಸರಿನಲ್ಲಿ ಹೊರುವ ಕರಗ ಅಲ್ಲಿನ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುತ್ತದೆ. ತಿಗಳರು ಮುರೀದರಾಗುವುದಿಲ್ಲ, ದರ್ಗಾದವರು ದ್ರೌಪದಿಯ ಒಕ್ಕಲಾಗುವುದಿಲ್ಲ. ಹರಕೆಯಾದರೆ ತೀರಿದಲ್ಲಿಗೆ ಮುಗಿಯಿತು. ಕರಗದ ಈ ಭೇಟಿ ಮಾತ್ರ ಮುಂದಿನ ಚೈತ್ರಕ್ಕೂ ಉಳಿಯುವ ಬಾಧ್ಯತೆ. ಬೈಅತ್‌ನಲ್ಲಿ ಒಬ್ಬ ಮನುಷ್ಯ ಕೊಡುವ ಮಾತನ್ನು ಇಲ್ಲಿ ಒಂದು ಕುಲವೇ ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ.