ರಾಸುಗಳ ಹೊಟ್ಟೆಯೊಳಗಿನ ಅಣುಜೀವಿಗಳೂ ಸಸಾರಜನಕದ ಪೋಷಣೆಯೂ

ಕಳೆದ ಬೇಸಗೆಯಲ್ಲಿ ಗ್ರಾಮಸಭೆಯೊಂದರಲ್ಲಿ ಮೇವಿನ ವಿಷಯವಾಗಿ ನಾನು ಮಾತನಾಡುತ್ತಿರುವಾಗ, ಆ ಗ್ರಾಮದ ಹಿರಿಯ ಯಜಮಾನರೊಬ್ಬರು ಎದ್ದುನಿಂತು, “ಸ್ವಾಮೀ, ರಾಗಿಹುಲ್ಲಿನಲ್ಲಿ ಸಾರವೇ ಇಲ್ಲವೆಂದು ತಾವು ಅಪ್ಪಣೆ ಕೊಡಿಸುತ್ತೀರಿ. ನಮ್ಮ ಎತ್ತುಗಳು ಕರುವಾದಂದಿನಿಂದ ಆ ಹುಲ್ಲನ್ನೇ ತಿಂದು ಬೆಳೆದವು. ಹಾಗಾದರೆ ಅವುಗಳ ಮೈಮೇಲಿನ ಮಾಂಸಖಂಡ ಎಲ್ಲಿಂದ ಬಂತು?” ಎಂದು ಕೇಳಿದರು. ಸಭೆಯು ನಕ್ಕಿತು. ಆದರೆ ಪ್ರಶ್ನೆಯು ನಗತಕ್ಕದ್ದಲ್ಲ. ಇದರ ಉತ್ತರವನ್ನು ಅರಿತವನು ಹಿಂಡಿಗೆ ಕೊಡುವ ಹಣವನ್ನು ಬಲ್ಲವನಾಗಿ ವೆಚ್ಚಮಾಡುವನು. ಅರಿಯದವನು ಹಣವನ್ನೂ, ಕೆಲವು ವೇಳೆ ರಾಸನ್ನೂ ಕಳೆದುಕೊಳ್ಳುವನು.

ಹಸು, ಎಮ್ಮೆ, ಕುರಿ, ಆಡು ಇವು ಮೆಲುಕುಹಾಕುವ ಪ್ರಾಣಿಗಳು. ಇವುಗಳ ಹೊಟ್ಟೆಯು ನಾಲ್ಕು ಭಾಗಗಳಾಗಿರುವುದನ್ನು ಕುರಿ ಕೊಯ್ಯುವವರೆಲ್ಲರೂ ಬಲ್ಲರು. ಮೊದಲನೆಯ ದೊಡ್ಡ ಚೀಲಕ್ಕೆ ಶಾಸ್ತ್ರದಲ್ಲಿ ರೂಮೆನ್ ಎಂದು ಹೆಸರು. ದೊಡ್ಡ ಮೈಯ ಹಸುವಿನಲ್ಲಿ ಇದು ನೂರು ಲೀಟರಿಗಿಂತಲೂ ಹೆಚ್ಚು ಹಿಡಿಯುತ್ತದೆ; ಕುರಿಯಲ್ಲಿ ಹತ್ತು ಲೀಟರಿನ ಆಸುಪಾಸು. ಈ ಚೀಲದಲ್ಲಿ ರಾಸಿನ ಜೀರ್ಣರಸವು ಊರುವುದೇ ಇಲ್ಲ. ಆದಕಾರಣ ಇದನ್ನು ಹೊಟ್ಟೆಯೆನ್ನುವುದಕ್ಕಿಂತ, ನಮ್ಮ ಅಡಿಗೆಮನೆಗಳಲ್ಲಿ ದೋಸೆಹಿಟ್ಟು ಹುದುಗುವ ಪಾತ್ರೆಯೆನ್ನುವುದೇ ಮೇಲು. ಒಳಗೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಶಾಖವು ಸದಾ ಇರುತ್ತದೆ. ಗಾಳಿಯು ಬಹುಮಟ್ಟಿಗೆ ಇಲ್ಲ. ಜೊಲ್ಲು ಎಡೆಬಿಡದೆ ಇಳಿದು ಹುಳಿಯನ್ನು ತಗ್ಗಿಸುತ್ತದೆ. ಇಂತಹ ಸ್ಥಳದಲ್ಲಿ ಅಣುಜೀವಿಗಳು ಹೇಗೆ ವೃದ್ಧಿಯಾಗುತ್ತವೆಂದರೆ, ಒಂದು ಮಿಲಿಲೀಟರ್ ರಸದಲ್ಲಿ ಸುಮಾರು 1,000 ಕೋಟಿ ಬ್ಯಾಕ್ಟೀರಿಯಗಳೂ, ಲಕ್ಷದಿಂದ ಹತ್ತು ಲಕ್ಷದವರೆಗೆ ಪ್ರೋಟೊಜೋವ ಎಂಬ ಸ್ವಲ್ಪ ದೊಡ್ಡ ಜೀವಿಗಳೂ ಇರುತ್ತವೆ. ಈ ಪ್ರೋಟೊಜೋವಗಳನ್ನು 1843ರಲ್ಲಿಯೇ ಫ್ರಾನ್ಸ್ ದೇಶದ ಗ್ರೂಬಿ ಮತ್ತು ದೆಲಾಫಾಂ ಎಂಬುವರು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದರು.

ಹುಲ್ಲಿನ ನಾರನ್ನು ಅರಗಿಸುವ ಶಕ್ತಿಯು ಹಸುವಿಗೂ ಇಲ್ಲ, ನಮಗೂ ಇಲ್ಲ. ಆ ಕೆಲಸವನ್ನು ಮಾಡತಕ್ಕವು ಈ ಅಣುಜೀವಿಗಳೇ. ಇಷ್ಟನ್ನು ಅನೇಕರು ಕೇಳಿ ಬಲ್ಲರು. ಪ್ರೋಟೀನ್ ಎಂದೂ ಹೆಸರುಳ್ಳ ಸಸಾರಜನಕದ ವಿಷಯವಾದರೋ ಅಷ್ಟಾಗಿ ತಿಳಿದಿರುವುದಿಲ್ಲ. ರಾಸು ತಿಂದ ಹಿಂಡಿಯಲ್ಲಿಯೂ ಹಸುರುಮೇವಿನಲ್ಲಿಯೂ ಇರುವ ಸಸಾರಜನಕದ ಹೆಚ್ಚಿನ ಪಾಲನ್ನು ಅಣುಜೀವಿಗಳು ದೊಡ್ಡ ಹೊಟ್ಟೆಯಲ್ಲಿಯೇ ಒಡೆದು ಅಮೋನಿಯವನ್ನಾಗಿ ಮಾಡುತ್ತವೆ. ಅನಂತರ ಆ ಅಮೋನಿಯವನ್ನೂ, ನಾರು ಪಿಷ್ಟಗಳಿಂದ ಬರುವ ಶಕ್ತಿಯನ್ನೂ ಕೂಡಿಸಿಕೊಂಡು ತಮ್ಮ ಮೈಯನ್ನು ಕಟ್ಟಿಕೊಳ್ಳುತ್ತವೆ. ಮೇವಿನೊಡನೆ ಅವು ನಾಲ್ಕನೆಯ ಹೊಟ್ಟೆಗೆ ಇಳಿದಾಗ ಅಲ್ಲಿಯ ಜೀರ್ಣರಸಕ್ಕೆ ಸಿಕ್ಕಿ ಸಾಯುತ್ತವೆ. ಬ್ಯಾಕ್ಟೀರಿಯದ ಹೊರಗೋಡೆಯನ್ನು ಕರಗಿಸುವ ಲೈಸೊಜೈಮ್ ಎಂಬ ವಸ್ತುವು ಹಸುವಿನ ಈ ಹೊಟ್ಟೆಯಲ್ಲಿ ವಿಶೇಷವಾಗಿ ಊರುತ್ತದೆ. ಸಣ್ಣ ಕರುಳಿನಲ್ಲಿ ರಾಸು ಹೀರಿಕೊಳ್ಳುವ ಸಸಾರಜನಕದಲ್ಲಿ ಸಾಧಾರಣವಾಗಿ ಅರ್ಧಕ್ಕಿಂತ ಹೆಚ್ಚಿನದು, ನಾರುಮೇವನ್ನೇ ನಂಬಿರುವ ರಾಸಿನಲ್ಲಿ ಮುಕ್ಕಾಲು ಪಾಲಿನವರೆಗೂ, ಈ ಅಣುಜೀವಿಗಳ ದೇಹವೇ. ಎಂದರೆ, ಸಸ್ಯಾಹಾರಿಯೆಂದು ನಾವು ಪೂಜಿಸುವ ಗೋವು ಒಳಗೊಂದು ಮಂದೆಯನ್ನು ಸಾಕಿ, ಅದನ್ನೇ ದಿನವೂ ಉಣ್ಣುತ್ತಿದೆ.

ಈ ಸಂಗತಿಯನ್ನು ವಿದ್ವಾಂಸರು ಬಹುಕಾಲ ಪರೀಕ್ಷಿಸಿದ್ದಾರೆ. ಸಸಾರಜನಕವಲ್ಲದ ಸಾರಜನಕವಸ್ತುಗಳನ್ನೂ ಮೆಲುಕುಹಾಕುವ ಪ್ರಾಣಿಗಳು ಅಣುಜೀವಿಗಳ ಮೂಲಕ ಉಪಯೋಗಿಸಿಕೊಳ್ಳಬಲ್ಲವೆಂದು ಜರ್ಮನಿಯ ತ್ಸುಂಟ್ಸ್ ಎಂಬುವರು 1891ರಲ್ಲಿ ಸೂಚಿಸಿದರು. 1949ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕುರಿಮರಿಗಳಿಗೆ ಯೂರಿಯವೊಂದನ್ನೇ ಸಾರಜನಕವಾಗಿ ಕೊಟ್ಟು ನೋಡಿದಾಗ, ದೇಹಕ್ಕೆ ಅತ್ಯವಶ್ಯವಾದ ಅಮೈನೊ ಆಮ್ಲಗಳು ದೊಡ್ಡ ಹೊಟ್ಟೆಯಲ್ಲಿ ಹೊಸದಾಗಿ ಉತ್ಪತ್ತಿಯಾದುದು ಸ್ಥಿರಪಟ್ಟಿತು. ಫಿನ್ಲೆಂಡಿನ ವಿರ್ಟಾನೆನ್ ಅವರು ಸಸಾರಜನಕವೇ ಇಲ್ಲದ ಆಹಾರದೊಡನೆ ಯೂರಿಯವನ್ನೂ ಅಮೋನಿಯದ ಲವಣಗಳನ್ನೂ ಕೊಟ್ಟು ಸಾಕಿದ ಹಸುಗಳು ಕರುಹಾಕಿ ಹಾಲು ಕೊಟ್ಟ ವಿವರವನ್ನು 1966ರಲ್ಲಿ ಪ್ರಕಟಿಸಿದರು.

ಬಡಮೇವಿನ ಕಾಲದಲ್ಲಿ ರಾಸನ್ನು ಉಳಿಸುವ ಏರ್ಪಾಡು ಮತ್ತೊಂದುಂಟು. ರಕ್ತಕ್ಕೆ ಸೇರಿದ ಅಮೋನಿಯವನ್ನು ಪಿತ್ತಜನಕಾಂಗವು ಯೂರಿಯವನ್ನಾಗಿ ಮಾಡುತ್ತದೆ. ನಮ್ಮಲ್ಲಿ ಅದು ಬಹುಪಾಲು ಮೂತ್ರವಾಗಿ ಹೋಗುವುದು. ರಾಸಿನಲ್ಲಿಯಾದರೋ ಅದರ ಒಂದು ಭಾಗವು ಜೊಲ್ಲಿನ ಮೂಲಕವೂ ಹೊಟ್ಟೆಯ ಗೋಡೆಯ ಮೂಲಕವೂ ಹಿಂದಿರುಗಿ ಬಂದು ಅಣುಜೀವಿಗಳಿಗೆ ಪುನಃ ಆಹಾರವಾಗುತ್ತದೆ. ಬೇಸಗೆಯಲ್ಲಿ ಒಣಕೂಳೆಯನ್ನು ಮೇಯುವ ನಮ್ಮ ಕುರಿಗಳು ಬದುಕಿ ಉಳಿಯುವುದಕ್ಕೆ ಈ ಮಿತವ್ಯಯವೂ ಒಂದು ಕಾರಣ.

ಆದರೆ ಇದಕ್ಕೆ ಮಿತಿಯುಂಟು. ನೂರು ಕಿಲೋಗ್ರಾಂ ಒಣಹುಲ್ಲಿನಲ್ಲಿ ಸಸಾರಜನಕವು ಮೂರು ನಾಲ್ಕು ಕಿಲೋಗ್ರಾಂ ಮಾತ್ರ. ಒಟ್ಟು ಮೇವಿನಲ್ಲಿ ಇದು ನೂರಕ್ಕೆ ಏಳರ ಸುಮಾರಿಗಿಂತ ಕೆಳಗಿಳಿದರೆ ಅಣುಜೀವಿಗಳು ಸೊರಗುತ್ತವೆ. ನಾರು ಬೇಗ ಅರಗದು. ಅರಗದ ಹುಲ್ಲು ಹೊಟ್ಟೆಯನ್ನು ಬಿಟ್ಟು ಮುಂದಕ್ಕೆ ಹೋಗದಿರುವುದರಿಂದ ರಾಸು ಹೊಸ ಮೇವನ್ನು ಮುಟ್ಟದು. ಹೊಟ್ಟೆ ಡೊಳ್ಳಾಗಿದ್ದು ಬೆನ್ನೆಲುಬು ಎದ್ದು ಕಾಣುವ ದನವನ್ನು ಚೈತ್ರ ವೈಶಾಖಗಳಲ್ಲಿ ಯಾರು ನೋಡಿಲ್ಲ? ಅದರ ಮುಂದೆ ಹುಲ್ಲಿನ ಹೊರೆಯನ್ನೇ ಒಡ್ಡಿದರೂ ಪ್ರಯೋಜನವಿಲ್ಲ. ಆರು ಕಿಲೋಗ್ರಾಂ ಹುಲ್ಲಿನೊಡನೆ ಅರ್ಧ ಕಿಲೋಗ್ರಾಂ ಕಡಲೆಕಾಯಿ ಹಿಂಡಿಯನ್ನು ಕೊಟ್ಟರೆ ಸಸಾರಜನಕವು ಹೆಚ್ಚುಕಡಿಮೆ ಎರಡರಷ್ಟಾಗುವುದು. ಅಗಸೆ ಅಥವಾ ಅಲಸಂದೆಯ ಒಂದು ತೆಕ್ಕೆ ಹಸುರು ಸೇರಿದರೆ ಹುಲ್ಲು ತಾನಾಗಿಯೇ ಹೆಚ್ಚು ಖರ್ಚಾಗುವುದನ್ನು ಗೊಂತಿನಲ್ಲಿಯೇ ಕಾಣಬಹುದು. ಹಿಂಡಿಯನ್ನು ಒಂದೇ ಹೊತ್ತಿಗೆ ಸುರಿಯಬಾರದು. ಜೊತೆಗೆ ಶಕ್ತಿಯನ್ನು ಕೊಡುವ ಮೇವಿಲ್ಲದಿದ್ದರೆ ಅಮೋನಿಯವು ಅಣುಜೀವಿಗಳಿಗೆ ಸಲ್ಲದೆ ಮೂತ್ರಕ್ಕೆ ಹೋಗುವುದು. ಕಡಲೆಕಾಯಿ ಹಿಂಡಿಯ ಬೆಲೆಗೆ ಗೊಬ್ಬರ ಕೊಂಡಂತಾಗುವುದು. ಹೆಚ್ಚು ಹಾಲು ಕರೆಯುವ ಮಿಶ್ರತಳಿಯ ಹಸುವಿಗೆ ಮಾತ್ರ ಅಣುಜೀವಿಗಳ ಸಸಾರಜನಕವೊಂದೇ ಸಾಲದು. ದೊಡ್ಡ ಹೊಟ್ಟೆಯಲ್ಲಿ ಅಷ್ಟು ಬೇಗ ಒಡೆಯದ ಹತ್ತಿಬೀಜದ ಹಿಂಡಿಯಂತಹುದೂ ಬೇಕು.

ಪ್ರಶ್ನೆ ಕೇಳಿದ ಯಜಮಾನರ ಕೊಟ್ಟಿಗೆಯನ್ನು ಆ ಸಂಜೆಯೇ ನೋಡಿದೆನು. ಅವರ ಸೊಸೆಯವರು ರಾಗಿಹುಲ್ಲಿನ ಮೇಲೆ ಹುರುಳಿಯ ಹೊಟ್ಟನ್ನು ಹರಡಿ, ಬದುವಿನ ಹಸುರನ್ನು ಹಾಕಿ, ಕಲಗಚ್ಚಿಗೆ ಬೇಯಿಸಿದ ಹುರುಳಿಯನ್ನು ಬೆರಸುತ್ತಿದ್ದರು. ಯಜಮಾನರು ಇವನ್ನೆಲ್ಲ ಮೇವಿನ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಇನ್ನು ಯೂರಿಯದ ಮಾತು. ಇದನ್ನು ಬರೆಯುವಾಗ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಗ್ರಾಮದಲ್ಲಿ ಹುಲ್ಲಿಗೆ ಯೂರಿಯದ ಉಪಚಾರವನ್ನು ತೋರಿಸಿಕೊಟ್ಟೆನು. ಅಳತೆಯನ್ನು ಹೇಳಿದೆನು, ಹರಡುವುದನ್ನು ತೋರಿಸಿದೆನು. ಮಿಕ್ಕ ನೀರನ್ನು ಏನು ಮಾಡಬೇಕೆಂಬುದನ್ನು ಹೇಳಲು ಮರೆತೆನು. ರೈತನು ಆ ಬಕೀಟನ್ನು ಕೊಟ್ಟಿಗೆಯ ಬಾಗಿಲಲ್ಲಿಟ್ಟು ಒಳಗೆ ಹೋದನು. ಬಾಯಾರಿದ ಎತ್ತು ಅದನ್ನು ಕುಡಿಯಿತು. ಒಂದು ಗಂಟೆಯೊಳಗಾಗಿ ಮೈ ನಡುಗಿ, ಜೊಲ್ಲು ಸುರಿದು, ಹೊಟ್ಟೆ ಉಬ್ಬಿ, ಪಶುವೈದ್ಯರು ಬರುವುದಕ್ಕೆ ಮುಂಚೆಯೇ ಪ್ರಾಣಬಿಟ್ಟಿತು. ಜೋಡಿಯ ಮತ್ತೊಂದೆತ್ತನ್ನು ಆ ರೈತನು ನಷ್ಟಕ್ಕೆ ಮಾರಬೇಕಾಯಿತು. ಯೂರಿಯವು ಹೊಟ್ಟೆಯಲ್ಲಿ ಕ್ಷಣಮಾತ್ರದಲ್ಲಿ ಅಮೋನಿಯವಾಗುವುದರಿಂದ, ಅಣುಜೀವಿಗಳು ಬಳಸಿಕೊಳ್ಳಲಾರದಷ್ಟು ಬಂದರೆ ಅದೇ ವಿಷ.

ಆದುದರಿಂದ 100 ಕಿಲೋಗ್ರಾಂ ಒಣಹುಲ್ಲಿಗೆ 4 ಕಿಲೋಗ್ರಾಂ ಯೂರಿಯವನ್ನು ತೂಗಿ, ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರಪದರವಾಗಿ ಸಮನಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಡತಕ್ಕದ್ದು. ತೆಗೆದ ಹುಲ್ಲನ್ನು ಘಾಟು ಹೋಗುವವರೆಗೆ ಹರಡಿಟ್ಟು, ಮೊದಲು ಸ್ವಲ್ಪಸ್ವಲ್ಪವಾಗಿ ರೂಢಿಮಾಡಿಸಬೇಕು. ಮಿಕ್ಕ ನೀರನ್ನು ಕೂಡಲೆ ತಿಪ್ಪೆಗೆ ಚೆಲ್ಲಬೇಕು. ಯೂರಿಯದ ಚೀಲ ತೊಳೆದ ನೀರಿನ ಹತ್ತಿರಕ್ಕೆ ಕುರಿಮಂದೆಯನ್ನು ಬಿಡಬಾರದು. ಆರು ತಿಂಗಳಿಗೆ ಕಡಿಮೆಯಾದ ಕರುಗಳಿಗೆ ಈ ಹುಲ್ಲು ಕೂಡದು. ಎಳೆಗರುವಿನ ದೊಡ್ಡ ಹೊಟ್ಟೆಯೂ ಅದರೊಳಗಿನ ಅಣುಜೀವಿಗಳೂ ಇನ್ನೂ ಬಲಿತಿರುವುದಿಲ್ಲ. ಅದು ಕುಡಿದ ಹಾಲು ದೊಡ್ಡ ಹೊಟ್ಟೆಯನ್ನು ತಪ್ಪಿಸಿ ನೇರವಾಗಿ ನಾಲ್ಕನೆಯದಕ್ಕೆ ಹೋಗುವಂತೆ ಸೃಷ್ಟಿಯಲ್ಲಿಯೇ ಏರ್ಪಾಡಾಗಿದೆ.

ಕುರಿಗಳಿಗಾದರೋ ಬೇಸಗೆಯಲ್ಲಿ ಯೂರಿಯಕ್ಕಿಂತ ಜಾಲಿಯ ಕಾಯೇ ನಿರಪಾಯವಾದುದು. ಕಾಯನ್ನು ಬಡಿದು ಮಂದೆಗೆ ಹಾಕುವ ನಮ್ಮ ಕುರುಬರು ಅಣುಜೀವಿಗಳ ಹೆಸರನ್ನು ಕೇಳದಿದ್ದರೂ ಅವುಗಳ ಹಸಿವನ್ನು ಬಲ್ಲರು. ಗೋಮಾಳದ ಜಾಲಿಮರಗಳನ್ನು ಸೌದೆಗೆ ಹರಾಜು ಕೂಗಿಸುವ ಮುನ್ನ, ಗ್ರಾಮದ ಮುಖ್ಯಸ್ಥರು ಆ ಕುರುಬರನ್ನೊಮ್ಮೆ ಕರೆಯಿಸಿ ಕೇಳುವುದು ಒಳ್ಳೆಯದು.