ಆರು ನಿಮಿಷಗಳ ನಡಿಗೆ

ರಕ್ತದೊತ್ತಡವೆಂದೊಡನೆ ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಒತ್ತಡವೇ ಜನರ ನೆನಪಿಗೆ ಬರುತ್ತದೆ. ಆದರೆ ಹೃದಯದ ಬಲಭಾಗದಿಂದ ಶ್ವಾಸಕೋಶಗಳಿಗೆ ರಕ್ತವನ್ನೊಯ್ಯುವ ಧಮನಿಯ ಒತ್ತಡವೇ ಬೇರೆ. ಅದು ಆ ಪಟ್ಟಿಗೆ ನಿಲುಕುವುದಿಲ್ಲ. ಆರೋಗ್ಯವಂತರಲ್ಲಿ ಅದರ ಸರಾಸರಿ ಪಾದರಸದ 14 ಮಿಲಿಮೀಟರಿನಷ್ಟು ಮಾತ್ರ. ಶ್ವಾಸಕೋಶದ ಕಿರುಧಮನಿಗಳ ಗೋಡೆ ದಪ್ಪವಾಗಿ ಒಳದಾರಿ ಕಿರಿದಾದಾಗ ಈ ಒತ್ತಡ ಏರತೊಡಗುತ್ತದೆ. ಹಗುರವಾದ ಕೆಲಸಕ್ಕೆಂದೇ ರಚಿತವಾದ ಬಲ ಹೃತ್ಕುಕ್ಷಿಯು ಆ ಭಾರವನ್ನು ತಳ್ಳಿ ತಳ್ಳಿ ಸೋಲುತ್ತದೆ. ಏದುಸಿರು, ಕಾಲುಬಾವು, ಒಮ್ಮೊಮ್ಮೆ ಮೂರ್ಛೆ ಇದರ ಲಕ್ಷಣಗಳು. 1980ರ ದಶಕದಲ್ಲಿ ಅಮೆರಿಕದಲ್ಲಿ ಕಾರಣ ತಿಳಿಯದ ಇಂಥ ರೋಗವುಳ್ಳವರ ದಾಖಲೆಯನ್ನಿರಿಸಿದಾಗ, ರೋಗನಿರ್ಣಯವಾದ 2.8 ವರ್ಷಗಳೊಳಗೆ ಅರ್ಧದಷ್ಟು ಮಂದಿ ತೀರಿಕೊಂಡರೆಂದು ತಿಳಿದುಬಂದಿತು.

1995ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಎಪೊಪ್ರೊಸ್ಟೆನಾಲ್ ಪರಿಣಾಮಕಾರಿಯಾದ ಔಷಧವೇ ಸರಿ. ಆದರೆ ಅದರ ಶಕ್ತಿ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುವುದರಿಂದ, ಎದೆಯೊಳಗಿನ ನಳಿಕೆಯ ಮೂಲಕ ಪಂಪು ಅದನ್ನು ಹಗಲಿರುಳೂ ಹರಿಸುತ್ತಿರಬೇಕು. ಪಂಪು ನಿಂತರೆ ಪ್ರಾಣಕ್ಕೇ ಅಪಾಯ. ಬಾಯಿಯಿಂದ ನುಂಗುವ ಗುಳಿಗೆಯೊಂದಕ್ಕಾಗಿ ರೋಗಿಗಳು ಎಷ್ಟು ಹಂಬಲಿಸಿರಬಹುದೆಂಬುದನ್ನು ಇದರಿಂದ ಊಹಿಸಬಹುದು.

ರಕ್ತನಾಳಗಳನ್ನು ಬಿಗಿಗೊಳಿಸುವ ಎಂಡೊಥೆಲಿನ್ ಎಂಬ ವಸ್ತುವನ್ನು 1988ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಅದನ್ನು ತಡೆಯುವ ಬೊಸೆಂಟನ್ ಗುಳಿಗೆಯನ್ನು 213 ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2002ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದಂತೆ ಕೆಲವರಿಗೆ ಔಷಧ, ಉಳಿದವರಿಗೆ ನೋಟಕ್ಕೆ ಅದರಂತೆಯೇ ಇದ್ದ ಸತ್ವಹೀನ ಗುಳಿಗೆ. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಆರು ನಿಮಿಷಗಳಲ್ಲಿ ರೋಗಿ ನಡೆಯಬಲ್ಲ ದೂರವೇ ಅಳತೆಗೋಲು. ಹದಿನಾರು ವಾರಗಳ ಬಳಿಕ ಎರಡು ಗುಂಪುಗಳ ನಡುವೆ ಕಂಡ ಅಂತರ 44 ಮೀಟರು. ಆರೋಗ್ಯವಂತನಿಗೆ ಇದು ಅರ್ಧ ನಿಮಿಷದ ದಾರಿ. ಮನೆಯಿಂದ ಬಾವಿಕಟ್ಟೆಯವರೆಗೂ ಹೋಗಲಾರದವನಿಗೆ ಅದೇನು ಅಲ್ಪವಲ್ಲ. 2005ರಲ್ಲಿ ಸಿಲ್ಡೆನಾಫಿಲ್ ಔಷಧದ ಸರದಿ. ದಿನಕ್ಕೆ ಮೂರು ಬಾರಿ 20, 40, 80 ಮಿಲಿಗ್ರಾಂ ಕೊಟ್ಟು ನೋಡಿದಾಗ ದೊರೆತ ಲಾಭ ಕ್ರಮವಾಗಿ 45, 46, 50 ಮೀಟರು. ಪ್ರಮಾಣ ನಾಲ್ಕು ಪಟ್ಟಾದರೂ ನಡಿಗೆ ಅಷ್ಟೇನೂ ಬೆಳೆಯಲಿಲ್ಲ. ಆದುದರಿಂದ 20 ಮಿಲಿಗ್ರಾಮೇ ಅಂಗೀಕೃತವಾಯಿತು.

ಆದರೆ ಹೆಚ್ಚು ನಡೆದವನು ಹೆಚ್ಚು ಕಾಲ ಬದುಕಿಯಾನೆ? ಹನ್ನೆರಡು, ಹದಿನಾರು ವಾರಗಳ ಪ್ರಯೋಗ ಇದಕ್ಕೆ ಉತ್ತರ ಹೇಳಲಾರದು. 2013ರಲ್ಲಿ ಪ್ರಕಟವಾದ ಮಾಸಿಟೆಂಟನ್ ಪ್ರಯೋಗವು 742 ರೋಗಿಗಳನ್ನು ವರ್ಷಗಳವರೆಗೆ ಗಮನಿಸಿ, ಮೀಟರುಗಳ ಬದಲು ರೋಗದ ಉಲ್ಬಣವನ್ನೂ ಮರಣವನ್ನೂ ಎಣಿಸಿತು. ಸತ್ವಹೀನ ಗುಳಿಗೆ ಪಡೆದವರಲ್ಲಿ ಶೇಕಡ 46.4 ಮಂದಿಗೆ, 10 ಮಿಲಿಗ್ರಾಂ ಔಷಧ ಪಡೆದವರಲ್ಲಿ ಶೇಕಡ 31.4 ಮಂದಿಗೆ ಅಂಥ ವಿಪತ್ತು ಒದಗಿತ್ತು. ಮೊದಲ ಗುಂಪಿನವರೂ ಬರಿಗೈಯಲ್ಲಿರಲಿಲ್ಲ. ಅವರಲ್ಲಿ ಹಲವರು ಹಳೆಯ ಔಷಧವನ್ನು ಮುಂದುವರಿಸಿದ್ದರು. ಮರಣವೊಂದನ್ನೇ ಬೇರ್ಪಡಿಸಿ ನೋಡಿದರೆ ಮಾತ್ರ ಅಂತರ ಖಚಿತವಾಗಿ ಸಿದ್ಧವಾಗಲಿಲ್ಲವೆಂಬುದನ್ನೂ ಮರೆಯಲಾಗದು.

ನಡಿಗೆಯ ಅಳತೆಗೋಲು ಕಾಣದ ಇನ್ನೊಂದು ಸಂಗತಿಯೂ ಉಂಟು. ಬೊಸೆಂಟನ್ ವರ್ಗಕ್ಕೇ ಸೇರಿದ ಸಿಟಾಕ್ಸೆಂಟನ್ ಸಹ ಪ್ರಯೋಗಗಳಲ್ಲಿ ರೋಗಿಗಳ ನಡಿಗೆಯನ್ನು ಹೆಚ್ಚಿಸಿ 2006ರಲ್ಲಿ ಯುರೋಪಿನಲ್ಲಿ ಮನ್ನಣೆ ಗಳಿಸಿತ್ತು. ಯಕೃತ್ತಿಗೆ ಪ್ರಾಣಾಂತಕ ಹಾನಿಯುಂಟಾದ ಪ್ರಕರಣಗಳು ಹೊರಬಿದ್ದ ಮೇಲೆ, 2010ರ ಡಿಸೆಂಬರಿನಲ್ಲಿ ತಯಾರಕರು ಅದನ್ನು ಜಗತ್ತಿನ ಎಲ್ಲೆಡೆಯಿಂದ ಹಿಂದೆಗೆದುಕೊಂಡರು.